ಗಾಲೆ ಕೋಟೆ: ಕಡಲಂಚಿನ ಕೋಟೆನಗರ

ಶ್ರೀಲಂಕಾದ ನೈಋತ್ಯ ಕರಾವಳಿಯಲ್ಲಿ, ಸಮುದ್ರದೊಳಗೆ ಚಾಚಿಕೊಂಡ ಬಂಡೆಗಲ್ಲಿನ ಭೂಶಿರವೊಂದರ ಮೇಲೆ ಗಾಲೆ ಕೋಟೆ ನೆಲೆಗೊಂಡಿದೆ. ಪೋರ್ಚುಗೀಸರು ಇದನ್ನು ಆರಂಭಿಸಿದರು, ಡಚ್ಚರು ಪೂರ್ಣ ರೂಪಕ್ಕೆ ತಂದರು, ಬ್ರಿಟಿಷರು ತಮ್ಮ ಅಗತ್ಯಕ್ಕೆ ತಕ್ಕಂತೆ ಮಾರ್ಪಡಿಸಿದರು. ಸುಮಾರು 52 ಹೆಕ್ಟೇರ್ ವಿಸ್ತೀರ್ಣದ ಈ ಕೋಟೆ ಕೇವಲ ಸೈನಿಕ ನೆಲೆಯಾಗಿರಲಿಲ್ಲ. ಬೀದಿಗಳು, ಮನೆಗಳು, ಉಗ್ರಾಣಗಳು, ಆಸ್ಪತ್ರೆ ಮತ್ತು ಪ್ರಾರ್ಥನಾ ಮಂದಿರಗಳನ್ನು ಒಳಗೊಂಡ ಸಂಪೂರ್ಣ ನಗರವೇ ಗೋಡೆಯ ಒಳಗಿತ್ತು. ಆ ನಗರದಲ್ಲಿ ಇಂದಿಗೂ ಜನರು ವಾಸಿಸುತ್ತಿದ್ದಾರೆ. ದಕ್ಷಿಣ ಮತ್ತು ಆಗ್ನೇಯ ಏಷ್ಯಾದಲ್ಲಿ ಯುರೋಪಿಯನ್ನರು ಕಟ್ಟಿದ ಕೋಟೆನಗರಗಳಿಗೆ ಇದು ಅತ್ಯುತ್ತಮ ನಿದರ್ಶನವೆಂದು ಪರಿಗಣಿಸಿ ಯುನೆಸ್ಕೊ 1988ರಲ್ಲಿ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನೆಲೆ ಮತ್ತು ನೈಸರ್ಗಿಕ ಬಂದರು

ಗಾಲೆ ನಗರವು ಕೊಲಂಬೊದಿಂದ ದಕ್ಷಿಣಕ್ಕೆ ಸುಮಾರು 120 ಕಿಲೋಮೀಟರ್ ದೂರದಲ್ಲಿದೆ. ಕೋಟೆ ನಿಂತಿರುವ ಭೂಶಿರದ ಪೂರ್ವಕ್ಕೆ ಅರ್ಧಚಂದ್ರಾಕಾರದ ಕೊಲ್ಲಿಯಿದೆ. ಪ್ರಾಚೀನ ಬಂದರು ಇದ್ದುದು ಈ ಕೊಲ್ಲಿಯಲ್ಲಿ. ಅರಬ್ಬಿ ಸಮುದ್ರದಿಂದ ಬಂಗಾಳ ಕೊಲ್ಲಿಗೆ, ಅಲ್ಲಿಂದ ಮುಂದೆ ಮಲಕ್ಕಾ ಜಲಸಂಧಿಗೆ ಹೋಗುವ ಹಡಗುಗಳು ಶ್ರೀಲಂಕಾದ ದಕ್ಷಿಣ ತುದಿಯನ್ನು ಬಳಸಿಕೊಂಡೇ ಸಾಗಬೇಕಿತ್ತು. ಭಾರತ ಮತ್ತು ಶ್ರೀಲಂಕಾಗಳ ನಡುವಿನ ಪಾಕ್ ಜಲಸಂಧಿ ಆಳವಿಲ್ಲದ ಕಾರಣ ದೊಡ್ಡ ಹಡಗುಗಳಿಗೆ ಆ ಮಾರ್ಗ ಒದಗುತ್ತಿರಲಿಲ್ಲ. ಹೀಗಾಗಿ ಪೂರ್ವ ಮತ್ತು ಪಶ್ಚಿಮಗಳ ನಡುವಿನ ಕಡಲ ಹಾದಿಯಲ್ಲಿ ಗಾಲೆ ಸಹಜವಾದ ತಂಗುದಾಣವಾಯಿತು.

ಈ ಬಂದರಿಗೆ ಮಿತಿಗಳೂ ಇದ್ದವು. ಕೊಲ್ಲಿಯ ಬಾಯಲ್ಲಿ ಮುಳುಗುಬಂಡೆಗಳು ಹರಡಿಕೊಂಡಿದ್ದು, ನೈಋತ್ಯ ಮುಂಗಾರಿನ ಅವಧಿಯಲ್ಲಿ ಅಲೆಗಳ ಹೊಡೆತ ತೀವ್ರವಾಗಿರುತ್ತದೆ. ಇಲ್ಲಿ ಅನೇಕ ಹಡಗುಗಳು ಮುಳುಗಿವೆ. 1659ರಲ್ಲಿ ಮುಳುಗಿದ ‘ಅವೊಂಡ್‌ಸ್ಟರ್’ ಎಂಬ ಡಚ್ ಹಡಗಿನ ಅವಶೇಷಗಳು ಸಮುದ್ರತಳದ ಪುರಾತತ್ತ್ವ ಸಂಶೋಧನೆಗೆ ಮಹತ್ವದ ಆಕರಗಳಾಗಿವೆ. ಬಂದರಿಗೆ ಅನುಕೂಲವಾದ ಸ್ಥಾನ ಮತ್ತು ಅಪಾಯಕರವಾದ ಪ್ರವೇಶ ಎರಡೂ ಗಾಲೆಯ ಇತಿಹಾಸವನ್ನು ರೂಪಿಸಿವೆ.

ಯುರೋಪಿಯನ್ನರಿಗೆ ಮುನ್ನ

ಯುರೋಪಿಯನ್ನರ ಆಗಮನಕ್ಕೆ ಬಹಳ ಮೊದಲೇ ಗಾಲೆ ಅಂತರರಾಷ್ಟ್ರೀಯ ವ್ಯಾಪಾರದ ಕೇಂದ್ರವಾಗಿತ್ತು. ಅರಬ್, ಪರ್ಷಿಯನ್, ಭಾರತೀಯ, ಮಲಯ ಮತ್ತು ಚೀನೀ ವರ್ತಕರು ಇಲ್ಲಿಗೆ ಬರುತ್ತಿದ್ದರು. 14ನೆಯ ಶತಮಾನದ ಪ್ರವಾಸಿ ಇಬ್ನ್ ಬತೂತ ‘ಕಾಲಿ’ ಎಂಬ ಹೆಸರಿನಿಂದ ಈ ಊರನ್ನು ದಾಖಲಿಸಿದ್ದಾನೆ.

ಈ ಬಹುಸಂಸ್ಕೃತಿಯ ವಾಣಿಜ್ಯಕ್ಕೆ ಅತ್ಯಂತ ಸ್ಪಷ್ಟವಾದ ಸಾಕ್ಷ್ಯ ಒಂದು ಶಿಲಾಶಾಸನ. ಚೀನಾದ ಮಿಂಗ್ ವಂಶದ ನೌಕಾಧಿಪತಿ ಜೆಂಗ್ ಹೆ ತನ್ನ ಸಮುದ್ರಯಾನದ ವೇಳೆ ಸ್ಥಾಪಿಸಿದ, 1409ರ ಕಾಲಸೂಚಿಯುಳ್ಳ ಈ ಶಾಸನ 1911ರಲ್ಲಿ ಗಾಲೆಯಲ್ಲಿ ಪತ್ತೆಯಾಯಿತು. ಅದರಲ್ಲಿ ಚೀನೀ, ತಮಿಳು ಮತ್ತು ಪರ್ಷಿಯನ್ ಭಾಷೆಗಳ ಮೂರು ಪಾಠಗಳಿವೆ. ಚೀನೀ ಪಾಠ ಬುದ್ಧನಿಗೆ, ತಮಿಳು ಪಾಠ ವಿಷ್ಣುವಿನ ರೂಪವಾದ ತೇನಾವರೈ ನಾಯನಾರ್ ದೇವರಿಗೆ, ಪರ್ಷಿಯನ್ ಪಾಠ ಅಲ್ಲಾಹನಿಗೆ ಅರ್ಪಿಸಿದ ಕಾಣಿಕೆಗಳನ್ನು ವಿವರಿಸುತ್ತವೆ. ಶಾಸನವನ್ನು ಈಗ ಕೊಲಂಬೊದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಸಂರಕ್ಷಿಸಲಾಗಿದೆ.

ಪೋರ್ಚುಗೀಸರ ಆರಂಭ

1505ರ ಸುಮಾರಿಗೆ ಲೊರೆನ್ಸೊ ಡಿ ಅಲ್ಮೇಡನ ನೇತೃತ್ವದ ಪೋರ್ಚುಗೀಸ್ ನೌಕಾಪಡೆ ಶ್ರೀಲಂಕಾದ ತೀರವನ್ನು ತಲುಪಿತು. ಪೋರ್ಚುಗೀಸರಿಗೆ ಬೇಕಾಗಿದ್ದುದು ಮುಖ್ಯವಾಗಿ ದಾಲ್ಚಿನ್ನಿ. ಯುರೋಪಿನ ಮಾರುಕಟ್ಟೆಯಲ್ಲಿ ದುಬಾರಿ ಬೆಲೆಯಿದ್ದ ಈ ಸಾಂಬಾರ ಪದಾರ್ಥದ ಅತ್ಯುತ್ತಮ ತಳಿ ಶ್ರೀಲಂಕಾದ ನೈಋತ್ಯದ ಕಾಡುಗಳಲ್ಲಿ ಬೆಳೆಯುತ್ತಿತ್ತು.

16ನೆಯ ಶತಮಾನದ ಕೊನೆಯ ದಶಕಗಳಲ್ಲಿ ಸೀತಾವಕ ರಾಜ್ಯದ ದೊರೆ ಒಂದನೆಯ ರಾಜಸಿಂಹನ ಒತ್ತಡ ಹೆಚ್ಚಿದಾಗ ಪೋರ್ಚುಗೀಸರು ಗಾಲೆಯಲ್ಲಿ ಭದ್ರವಾಗಿ ನೆಲೆಯೂರಲು ಮುಂದಾದರು. ‘ಸಾಂತಾ ಕ್ರೂಜ್’ ಎಂದು ಹೆಸರಿಸಲಾದ ಅವರ ಮೊದಲ ಕೋಟೆ ಮಣ್ಣು ಮತ್ತು ತಾಳೆಯ ಜಾತಿಯ ಮರಗಳಿಂದ ರಚಿತವಾಗಿತ್ತು. ಅನಂತರ ಭೂಶಿರವು ನೆಲಕ್ಕೆ ಕೂಡುವ ಉತ್ತರ ಭಾಗಕ್ಕೆ ಅಡ್ಡಲಾಗಿ ಗೋಡೆಯನ್ನೂ ಮೂರು ಕೊತ್ತಲಗಳನ್ನೂ ಕಟ್ಟಿದರು. ಸಮುದ್ರದ ಕಡೆಯನ್ನು ಬಹುಮಟ್ಟಿಗೆ ತೆರೆದೇ ಬಿಟ್ಟರು. ಶತ್ರು ಬರುವುದಿದ್ದರೆ ಭೂಮಾರ್ಗದಿಂದಲೇ ಬರುತ್ತಾನೆ ಎಂಬುದು ಅವರ ಲೆಕ್ಕಾಚಾರವಾಗಿತ್ತು.

ಡಚ್ಚರ ಆಧಿಪತ್ಯ

ಪೋರ್ಚುಗೀಸರನ್ನು ದ್ವೀಪದಿಂದ ಹೊರಗಟ್ಟಲು ಕ್ಯಾಂಡಿ ರಾಜ್ಯದ ದೊರೆ ಎರಡನೆಯ ರಾಜಸಿಂಹ 1638ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡ. 1640ರ ಮಾರ್ಚ್ 13ರಂದು ವಿಲೆಮ್ ಯಾಕೊಬ್ಸ್ ಕೋಸ್ಟರ್ ನೇತೃತ್ವದ ಡಚ್ ಪಡೆ ಗಾಲೆಯನ್ನು ವಶಪಡಿಸಿಕೊಂಡಿತು. ಡಚ್ಚರು ತೀರ ಪ್ರದೇಶವನ್ನು ರಾಜನಿಗೆ ಒಪ್ಪಿಸದೆ ತಮ್ಮಲ್ಲಿಯೇ ಉಳಿಸಿಕೊಂಡರು. 1656ರಲ್ಲಿ ಕೊಲಂಬೊ ಅವರ ಕೈಸೇರುವವರೆಗೂ ಗಾಲೆಯೇ ದ್ವೀಪದಲ್ಲಿ ಅವರ ಆಡಳಿತ ಕೇಂದ್ರವಾಗಿತ್ತು.

ಡಚ್ಚರ ಭಯದ ಸ್ವರೂಪ ಬೇರೆಯಾಗಿತ್ತು. ಭೂಮಾರ್ಗದ ದಾಳಿಯ ಜೊತೆಗೆ ಇಂಗ್ಲಿಷ್ ಮತ್ತು ಫ್ರೆಂಚ್ ನೌಕಾಪಡೆಗಳನ್ನೂ ಅವರು ಎದುರಿಸಬೇಕಿತ್ತು. ಆದ್ದರಿಂದ ಪೋರ್ಚುಗೀಸರ ರಕ್ಷಣಾ ವ್ಯವಸ್ಥೆಯನ್ನು ಹೆಚ್ಚು ಕಡಿಮೆ ಪೂರ್ಣವಾಗಿ ಬದಲಿಸಿ, 1660ರ ದಶಕದಿಂದ ಭೂಶಿರದ ಸುತ್ತಲೂ ಕಲ್ಲಿನ ಗೋಡೆಯನ್ನು ಎಬ್ಬಿಸತೊಡಗಿದರು. ಕಡಲ ಕಡೆಯ ಗೋಡೆಯ ಕೆಲಸ 18ನೆಯ ಶತಮಾನದವರೆಗೂ ಮುಂದುವರಿಯಿತು. ಇಂದು ಕಾಣುವ ಕೋಟೆ ಮೂಲತಃ ಈ ಅವಧಿಯದು. ದಾಲ್ಚಿನ್ನಿ ತುಂಬಿದ ಹಡಗುಗಳು ಗಾಲೆಯಿಂದಲೇ ನೆದರ್ಲೆಂಡ್ಸಿಗೆ ಮರುಪ್ರಯಾಣ ಬೆಳೆಸುತ್ತಿದ್ದವು.

ಕೋಟೆಯ ರಚನೆ ಮತ್ತು ರಕ್ಷಣಾ ತತ್ತ್ವ

ಗಾಲೆಯ ಗೋಡೆಗಳು ಎತ್ತರಕ್ಕಿಂತ ದಪ್ಪಕ್ಕೆ ಹೆಸರಾಗಿವೆ. ಇದಕ್ಕೆ ಕಾರಣ ಫಿರಂಗಿ. ಬಿಲ್ಲು, ಈಟಿ, ಏಣಿಗಳ ಯುದ್ಧದಲ್ಲಿ ಗೋಡೆ ಎತ್ತರವಾದಷ್ಟೂ ಭದ್ರತೆ ಹೆಚ್ಚುತ್ತಿತ್ತು. ಫಿರಂಗಿಗಳು ಬಂದ ಮೇಲೆ ಎತ್ತರವಾದ ತೆಳು ಗೋಡೆ ಸುಲಭದ ಗುರಿಯಾಯಿತು. ಆದ್ದರಿಂದ ಯುರೋಪಿನ ಕೋಟೆಶಿಲ್ಪಿಗಳು ಗೋಡೆಯನ್ನು ತಗ್ಗಿಸಿ, ಅಗಲವಾಗಿಸಿ, ಎರಡು ಕಲ್ಲಿನ ಮುಖಗಳ ನಡುವೆ ಮಣ್ಣನ್ನು ತುಂಬಿದರು. ಮಣ್ಣು ಗುಂಡಿನ ವೇಗವನ್ನು ಹೀರಿಕೊಳ್ಳುತ್ತದೆ. ಅಗಲವಾದ ಮೇಲ್ಭಾಗ ಫಿರಂಗಿಗಳನ್ನು ನಿಲ್ಲಿಸಲು ಸ್ಥಳ ಕೊಡುತ್ತದೆ.

ಎರಡನೆಯ ಬದಲಾವಣೆ ಕೊತ್ತಲದ ಆಕಾರದಲ್ಲಿ ಆಯಿತು. ದುಂಡು ಬುರುಜಿನ ಬುಡದಲ್ಲಿ ಕಾವಲುಗಾರರ ಗುಂಡು ತಲುಪದ ಸ್ವಲ್ಪ ಜಾಗ ಉಳಿಯುತ್ತದೆ. ಶತ್ರು ಅಲ್ಲಿಗೆ ಬಂದು ಸೇರಿದರೆ ಗೋಡೆಯನ್ನು ಕೊರೆಯಬಹುದು. ಕೊತ್ತಲವನ್ನು ಬಾಣದ ಮೊನೆಯಂತೆ ಕೋನಾಕಾರವಾಗಿ ಹೊರಕ್ಕೆ ಚಾಚಿದರೆ ಈ ಕುರುಡು ಜಾಗ ಇಲ್ಲವಾಗುತ್ತದೆ. ಒಂದು ಕೊತ್ತಲದ ಪಾರ್ಶ್ವದಿಂದ ಹಾರಿಸಿದ ಗುಂಡು ಪಕ್ಕದ ಗೋಡೆಗೂ ಮುಂದಿನ ಕೊತ್ತಲದ ಮುಖಕ್ಕೂ ಸಮಾನಾಂತರವಾಗಿ ಸಾಗುತ್ತದೆ. ಹೀಗೆ ಪ್ರತಿಯೊಂದು ಕೊತ್ತಲವೂ ತನ್ನ ನೆರೆಯ ಕೊತ್ತಲವನ್ನು ಕಾಯುತ್ತದೆ. ಇದೇ ಯುರೋಪಿಯನ್ ತತ್ತ್ವವನ್ನು ಆಧರಿಸಿದ ನಕ್ಷತ್ರಾಕಾರದ ಕೋಟೆಯನ್ನು ಕನ್ನಡ ಓದುಗರು ಸಕಲೇಶಪುರದ ಬಳಿಯ ಮಂಜರಾಬಾದಿನಲ್ಲಿ ಕಾಣಬಹುದು. ಅದನ್ನು ಟಿಪ್ಪು ಸುಲ್ತಾನ 1792ರ ಸುಮಾರಿಗೆ ಕಟ್ಟಿಸಿದ.

ಗಾಲೆಯಲ್ಲಿ ಒಟ್ಟು 14 ಕೊತ್ತಲಗಳಿವೆ. ನೆಲದ ಕಡೆಯಿರುವ ಉತ್ತರದ ಗೋಡೆಯೇ ಅತ್ಯಂತ ಎತ್ತರ ಮತ್ತು ದಪ್ಪವಾದುದು. ಅದರ ಪಶ್ಚಿಮಕ್ಕೆ ನಕ್ಷತ್ರ, ನಡುವೆ ಚಂದ್ರ, ಪೂರ್ವಕ್ಕೆ ಸೂರ್ಯ ಎಂಬ ಹೆಸರಿನ ಕೊತ್ತಲಗಳಿದ್ದು, ಪೋರ್ಚುಗೀಸರ ಮೂರು ಕೊತ್ತಲಗಳ ಸ್ಥಾನವನ್ನು ಇವು ಆಕ್ರಮಿಸಿವೆ. ಬಂದರಿನ ಕಡೆಗಿರುವ ‘ಕಪ್ಪು ಕೋಟೆ’ಯಲ್ಲಿ ಪೋರ್ಚುಗೀಸ್ ಕಾಲದ ಭಾಗಗಳು ಉಳಿದಿವೆ. ‘ಆಕರ್ಸ್‌ಲೂಟ್’ ಕೊತ್ತಲಕ್ಕೆ ವಿಜಯಿ ಸೇನಾನಿ ಕೋಸ್ಟರನ ಹುಟ್ಟೂರಿನ ಹೆಸರಿದೆ. ಕಡಲ ಕಡೆಯ ಟ್ರೈಟನ್, ನೆಪ್ಚೂನ್, ಈಯೋಲಸ್ ಕೊತ್ತಲಗಳಿಗೆ ಗ್ರೀಕ್ ಮತ್ತು ರೋಮನ್ ಪುರಾಣಗಳ ಸಮುದ್ರ ಹಾಗೂ ವಾಯು ದೇವತೆಗಳ ಹೆಸರುಗಳನ್ನು ಇಡಲಾಗಿದೆ. ಈ ಭಾಗದಲ್ಲಿ ಹೊರಗಿನ ಬಂಡೆಗಳೇ ಹಡಗುಗಳನ್ನು ದೂರವಿಡುತ್ತಿದ್ದುದರಿಂದ ಗೋಡೆಗಳು ಅಷ್ಟು ಎತ್ತರವಾಗಿಲ್ಲ.

ನಿರ್ಮಾಣದ ಸಾಮಗ್ರಿ ಸ್ಥಳೀಯವಾದುದು. ಗ್ರಾನೈಟ್ ಕಲ್ಲಿನ ಜೊತೆಗೆ ಹವಳದ ದಿಂಡೆಗಳಿಂದ ತೆಗೆದ ಕಲ್ಲನ್ನು ಧಾರಾಳವಾಗಿ ಬಳಸಲಾಗಿದೆ. ಹವಳವನ್ನು ಸುಟ್ಟು ಗಾರೆಯ ಸುಣ್ಣವನ್ನೂ ತಯಾರಿಸುತ್ತಿದ್ದರು. ಗೋಡೆಯನ್ನು ಹತ್ತಿರದಿಂದ ನೋಡಿದರೆ ಹವಳದ ಸೂಕ್ಷ್ಮ ರಂಧ್ರಗಳು ಸ್ಪಷ್ಟವಾಗಿ ಕಾಣುತ್ತವೆ.

ನಗರ ಯೋಜನೆ ಮತ್ತು ಒಳಚರಂಡಿ

ಗೋಡೆಯ ಒಳಗಿನ ನಗರವನ್ನು ಯೋಜಿತವಾಗಿ ರೂಪಿಸಲಾಗಿದೆ. ಬೀದಿಗಳು ಪರಸ್ಪರ ಲಂಬವಾಗಿ ಸಂಧಿಸುವ ಚೌಕುಳಿ ವಿನ್ಯಾಸದಲ್ಲಿದ್ದು, ಅಂಚಿನ ಬೀದಿಗಳು ಗೋಡೆಗೆ ಸಮಾನಾಂತರವಾಗಿ ಸಾಗುತ್ತವೆ. ಅಪಾಯದ ಸಮಯದಲ್ಲಿ ಸೈನಿಕರೂ ಮದ್ದುಗುಂಡುಗಳೂ ಯಾವ ಕೊತ್ತಲಕ್ಕಾದರೂ ಶೀಘ್ರವಾಗಿ ತಲುಪಲು ಇದರಿಂದ ಅನುಕೂಲವಾಗುತ್ತಿತ್ತು. ಬೀದಿಗಳ ಹೆಸರುಗಳು ಹಿಂದಿನ ಕಸುಬುಗಳನ್ನು ನೆನಪಿಸುತ್ತವೆ. ಹಗ್ಗ ಹೊಸೆಯುವ ಅಂಗಳವಿದ್ದ ಕಡೆ ‘ಲೇನ್ ಬಾನ್’ ಬೀದಿ, ಮುಸ್ಲಿಂ ವರ್ತಕರಿದ್ದ ಕಡೆ ‘ಪೆಡ್ಲರ್’ ಬೀದಿ, ಆಸ್ಪತ್ರೆಯಿದ್ದ ಕಡೆ ‘ಹಾಸ್ಪಿಟಲ್’ ಬೀದಿ ಇವೆ.

ಮನೆಗಳಲ್ಲಿ ಎರಡು ಸಂಪ್ರದಾಯಗಳು ಬೆರೆತಿವೆ. ದಪ್ಪ ಗೋಡೆ, ಎತ್ತರದ ಬಾಗಿಲು ಮತ್ತು ನೇರವಾದ ಮುಖಭಾಗ ಯುರೋಪಿನವು. ಬೀದಿಗೆ ತೆರೆದುಕೊಂಡ ಕಂಬಗಳ ಜಗಲಿ, ಗಾಳಿ ಬೆಳಕಿಗಾಗಿ ಬಿಟ್ಟ ಒಳ ಅಂಗಳ ಮತ್ತು ಮಳೆನೀರು ಜಾರುವ ಇಳಿಜಾರು ಹೆಂಚಿನ ಮಾಡು ಉಷ್ಣವಲಯದ ಅಗತ್ಯಗಳಿಂದ ಬಂದವು.

ಡಚ್ಚರ ತಾಂತ್ರಿಕ ಜಾಣ್ಮೆ ಅತ್ಯಂತ ಚೆನ್ನಾಗಿ ಕಾಣುವುದು ಒಳಚರಂಡಿಯಲ್ಲಿ. ಬೀದಿಗಳ ಅಡಿಯಲ್ಲಿ ಕಾಲುವೆಗಳ ಜಾಲವನ್ನು ನಿರ್ಮಿಸಿ ಅವುಗಳ ಕೊನೆಯನ್ನು ಸಮುದ್ರಕ್ಕೆ ಜೋಡಿಸಲಾಗಿತ್ತು. ಭರತದ ಸಮಯದಲ್ಲಿ ಸಮುದ್ರದ ನೀರು ಕಾಲುವೆಗಳೊಳಗೆ ಏರುತ್ತಿತ್ತು, ಇಳಿತದ ಸಮಯದಲ್ಲಿ ಕೊಳೆಯನ್ನು ಹೊತ್ತು ಹಿಂದಿರುಗುತ್ತಿತ್ತು. ಈ ವ್ಯವಸ್ಥೆಯ ನಿಯಂತ್ರಣಕ್ಕಾಗಿ ಟ್ರೈಟನ್ ಕೊತ್ತಲದ ಮೇಲೆ ಗಾಳಿಯಂತ್ರದಿಂದ ನಡೆಯುವ ನೀರೆತ್ತುವ ಸಾಧನವಿತ್ತು. ಮಾನವಶ್ರಮವಿಲ್ಲದೆ ಕಡಲಿನ ಏರಿಳಿತವೇ ನಗರವನ್ನು ಪ್ರತಿದಿನ ಶುಚಿಗೊಳಿಸುವಂತೆ ಮಾಡಿದುದು ಈ ವಿನ್ಯಾಸದ ವೈಶಿಷ್ಟ್ಯ.

ಪ್ರಮುಖ ಸ್ಮಾರಕಗಳು

ಹಳೆಯ ಮಹಾದ್ವಾರ: ಡಚ್ ಕಾಲದಲ್ಲಿ ನಗರದ ಮುಖ್ಯ ಪ್ರವೇಶ ಇದೇ ಆಗಿತ್ತು. ದ್ವಾರದ ಒಳಮುಖದಲ್ಲಿ ಸಿಂಹಗಳು ಮತ್ತು ಹುಂಜವನ್ನು ಒಳಗೊಂಡ ಡಚ್ ಈಸ್ಟ್ ಇಂಡಿಯಾ ಕಂಪನಿಯ ಲಾಂಛನವೂ 1669ರ ಕಾಲಸೂಚಿಯೂ ಇವೆ. ಹೊರಮುಖದಲ್ಲಿ ಬ್ರಿಟಿಷ್ ರಾಜಲಾಂಛನವಿದೆ. ಎರಡು ಆಳ್ವಿಕೆಗಳ ಗುರುತುಗಳು ಒಂದೇ ಬಾಗಿಲಿನ ಎರಡು ಮುಖಗಳಲ್ಲಿ ಉಳಿದಿವೆ.

ಮಹಾ ಉಗ್ರಾಣ: ಹಳೆಯ ದ್ವಾರ ಈ ನೀಳವಾದ ಕಟ್ಟಡದ ಮೂಲಕವೇ ಹಾದುಹೋಗುತ್ತದೆ. ದಾಲ್ಚಿನ್ನಿ ಮೊದಲಾದ ಸರಕುಗಳನ್ನೂ ಹಡಗಿನ ಸಾಮಗ್ರಿಗಳನ್ನೂ ಇಲ್ಲಿ ಸಂಗ್ರಹಿಸಲಾಗುತ್ತಿತ್ತು. ಈಗ ಇಲ್ಲಿ ಸಾಗರ ಪುರಾತತ್ತ್ವಕ್ಕೆ ಮೀಸಲಾದ ವಸ್ತುಸಂಗ್ರಹಾಲಯವಿದೆ.

ಡಚ್ ರಿಫಾರ್ಮ್ಡ್ ಚರ್ಚ್: ‘ಗ್ರೋಟ ಕೆರ್ಕ್’ ಎಂದು ಕರೆಯಲಾಗುವ ಈ ಚರ್ಚ್ 1755ರಲ್ಲಿ ಪೂರ್ಣಗೊಂಡಿತು. ಗಾಲೆಯ ಡಚ್ ಅಧಿಕಾರಿ ಕ್ಯಾಸ್ಪರಸ್ ಡಿ ಯಾಂಗ್ ಮತ್ತು ಆತನ ಪತ್ನಿ ಇದರ ನಿರ್ಮಾಣಕ್ಕೆ ಕಾರಣರೆಂಬ ಪ್ರತೀತಿಯಿದೆ. ಒಳಗಿನ ನೆಲಕ್ಕೆ ಡಚ್ ಸಮಾಧಿಗಳ ಕೆತ್ತನೆಗಲ್ಲುಗಳನ್ನೇ ಹಾಸಲಾಗಿದೆ. ಅವುಗಳ ಮೇಲಿನ ಬರಹಗಳು ಆ ಕಾಲದ ಕುಟುಂಬಗಳ ಇತಿಹಾಸಕ್ಕೆ ಆಧಾರಗಳಾಗಿವೆ.

ಆಲ್ ಸೇಂಟ್ಸ್ ಚರ್ಚ್: ಬ್ರಿಟಿಷರ ಕಾಲದ ಈ ಆಂಗ್ಲಿಕನ್ ಚರ್ಚ್ 1871ರಲ್ಲಿ ಪ್ರತಿಷ್ಠಾಪಿತವಾಯಿತು. ಗಾತಿಕ್ ಶೈಲಿಯ ಮೊನಚು ಕಮಾನುಗಳು ಇದರ ಲಕ್ಷಣ.

ಗಡಿಯಾರ ಗೋಪುರ: ಚಂದ್ರ ಕೊತ್ತಲದ ಬಳಿಯಿರುವ ಈ ಗೋಪುರವನ್ನು ವೈದ್ಯ ಪೀಟರ್ ಡೇನಿಯಲ್ ಆಂಥೊನಿಸ್ ಅವರ ಗೌರವಾರ್ಥ 1883ರಲ್ಲಿ ನಿರ್ಮಿಸಲಾಯಿತು.

ದೀಪಸ್ತಂಭ: 1848ರಲ್ಲಿ ಸ್ಥಾಪನೆಯಾದ ಮೊದಲ ದೀಪಸ್ತಂಭ 1930ರ ದಶಕದಲ್ಲಿ ಬೆಂಕಿಗೆ ಆಹುತಿಯಾಯಿತು. ಅನಂತರ 1939ರಲ್ಲಿ ಯುಟ್ರೆಕ್ಟ್ ಕೊತ್ತಲದ ಮೇಲೆ ಈಗಿನ 26.5 ಮೀಟರ್ ಎತ್ತರದ ಬಿಳಿಯ ದೀಪಸ್ತಂಭ ಎದ್ದಿತು.

ಮೀರಾನ್ ಮಸೀದಿ: ದೀಪಸ್ತಂಭದ ಎದುರಿಗಿರುವ ಈ ಮಸೀದಿಯ ಈಗಿನ ಕಟ್ಟಡ 20ನೆಯ ಶತಮಾನದ ಆರಂಭದ್ದು. ಅವಳಿ ಗೋಪುರಗಳುಳ್ಳ ಮುಖಭಾಗ ದೂರದಿಂದ ಚರ್ಚಿನಂತೆಯೇ ತೋರುತ್ತದೆ. ಕೋಟೆಯೊಳಗೆ ಸುಧರ್ಮಾಲಯ ಎಂಬ ಬೌದ್ಧ ವಿಹಾರವೂ ಇದೆ. ಮೂರು ಧರ್ಮಗಳ ಪ್ರಾರ್ಥನಾ ಸ್ಥಳಗಳು ಇಲ್ಲಿ ಕೆಲವೇ ಬೀದಿಗಳ ಅಂತರದಲ್ಲಿವೆ.

ಬ್ರಿಟಿಷರ ಆಗಮನ ಮತ್ತು ಶ್ರೀರಂಗಪಟ್ಟಣದ ನಂಟು

1795ರಲ್ಲಿ ಫ್ರೆಂಚ್ ಸೇನೆ ನೆದರ್ಲೆಂಡ್ಸನ್ನು ಆಕ್ರಮಿಸಿದಾಗ, ಡಚ್ ವಸಾಹತುಗಳು ಫ್ರೆಂಚರ ಪಾಲಾಗದಂತೆ ತಡೆಯಲು ಬ್ರಿಟಿಷರು ಶ್ರೀಲಂಕಾದ ಮೇಲೆ ಕಣ್ಣಿಟ್ಟರು. ಆಗ ಡಚ್ಚರ ರಕ್ಷಣೆಯ ಮುಖ್ಯ ಆಧಾರಗಳಲ್ಲಿ ಒಂದಾಗಿದ್ದುದು ‘ಡಿ ಮ್ಯೂರನ್’ ಎಂಬ ಸ್ವಿಸ್ ಬಾಡಿಗೆ ಸೈನಿಕರ ದಳ. ಸ್ಕಾಟ್ಲೆಂಡಿನ ಪ್ರಾಧ್ಯಾಪಕ ಹ್ಯೂ ಕ್ಲೆಗ್‌ಹಾರ್ನ್ ಈ ದಳದ ಒಡೆಯನೊಂದಿಗೆ ಸ್ವಿಟ್ಜರ್ಲೆಂಡಿನಲ್ಲಿ ಮಾತುಕತೆ ನಡೆಸಿ, ಇಡೀ ದಳ ಬ್ರಿಟಿಷರ ಸೇವೆಗೆ ಸೇರುವಂತೆ ಮಾಡಿದ. ಡಚ್ಚರ ಬಲ ಕುಸಿಯಿತು. 1796ರ ಫೆಬ್ರುವರಿಯಲ್ಲಿ ಕೊಲಂಬೊ ಶರಣಾಯಿತು. ಕೆಲವೇ ದಿನಗಳಲ್ಲಿ ಗಾಲೆಯೂ ಯುದ್ಧವಿಲ್ಲದೆ ಹಸ್ತಾಂತರವಾಯಿತು. ದಶಕಗಳ ಕಾಲ ದುಡಿದು ಕಟ್ಟಿದ ಗೋಡೆಗಳಿಂದ ಒಂದು ಗುಂಡನ್ನೂ ಹಾರಿಸುವ ಪ್ರಸಂಗ ಬರಲಿಲ್ಲ.

ಇದೇ ಡಿ ಮ್ಯೂರನ್ ದಳ 1799ರಲ್ಲಿ ಟಿಪ್ಪು ಸುಲ್ತಾನನ ವಿರುದ್ಧ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಪಾಲ್ಗೊಂಡಿತು. ಕಾವೇರಿಯ ದಡದಲ್ಲಿರುವ ಅಲ್ಲಿನ ಗ್ಯಾರಿಸನ್ ಸ್ಮಶಾನದಲ್ಲಿ ಈ ದಳದವರ ಸಮಾಧಿಗಳನ್ನು ಈಗಲೂ ನೋಡಬಹುದು.

ಬಂದರಿನ ಅವನತಿ, ಕೋಟೆಯ ಉಳಿವು

ಬ್ರಿಟಿಷರ ಕಾಲದ ಪೂರ್ವಾರ್ಧದಲ್ಲಿ ಗಾಲೆ ಪುನಃ ಏಳಿಗೆ ಕಂಡಿತು. ಉಗಿಹಡಗುಗಳು ಇಲ್ಲಿ ಕಲ್ಲಿದ್ದಲು ತುಂಬಿಕೊಳ್ಳುತ್ತಿದ್ದವು, ಯುರೋಪಿನ ಅಂಚೆಯೂ ಪ್ರಯಾಣಿಕರೂ ಇಲ್ಲಿಯೇ ಇಳಿಯುತ್ತಿದ್ದರು. ಅವರ ವಸತಿಗಾಗಿ 1860ರ ದಶಕದಲ್ಲಿ ಹಳೆಯ ಡಚ್ ಕಟ್ಟಡವೊಂದು ‘ನ್ಯೂ ಓರಿಯೆಂಟಲ್’ ಹೋಟೆಲಾಗಿ ಮಾರ್ಪಟ್ಟಿತು. ವಾಹನ ಸಂಚಾರ ಹೆಚ್ಚಿದ್ದರಿಂದ 1873ರಲ್ಲಿ ಸೂರ್ಯ ಮತ್ತು ಚಂದ್ರ ಕೊತ್ತಲಗಳ ನಡುವಿನ ಗೋಡೆಯನ್ನು ಕೊರೆದು ಹೊಸ ದ್ವಾರವನ್ನು ತೆರೆಯಲಾಯಿತು.

ಆ ವೇಳೆಗಾಗಲೇ ಪರಿಸ್ಥಿತಿ ಬದಲಾಗತೊಡಗಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಹಡಗುಗಳ ಸಂಖ್ಯೆಯೂ ಗಾತ್ರವೂ ಹೆಚ್ಚಿದವು. ಮುಳುಗುಬಂಡೆಗಳ ಗಾಲೆ ಕೊಲ್ಲಿ ಅವುಗಳಿಗೆ ಸುರಕ್ಷಿತವಾಗಿರಲಿಲ್ಲ. ಬ್ರಿಟಿಷರು ಕೊಲಂಬೊದಲ್ಲಿ ಅಲೆತಡೆ ಗೋಡೆಯನ್ನು ನಿರ್ಮಿಸಿ ಕೃತಕ ಬಂದರನ್ನು ಸಿದ್ಧಪಡಿಸಿದರು. 1875ರಲ್ಲಿ ಅದರ ಶಂಕುಸ್ಥಾಪನೆಯಾಯಿತು. ಮುಂದಿನ ದಶಕದಲ್ಲಿ ಹಡಗು ಸಂಚಾರ ಬಹುತೇಕ ಕೊಲಂಬೊಗೆ ಸರಿಯಿತು.

ಈ ನಷ್ಟವೇ ಕೋಟೆಯನ್ನು ಉಳಿಸಿತು. ಕೊಲಂಬೊದಲ್ಲಿ ನಗರದ ಬೆಳವಣಿಗೆಗೆ ಅಡ್ಡಿಯಾದ ಡಚ್ ಕೋಟೆಯ ಗೋಡೆಗಳನ್ನು 1870ರ ಸುಮಾರಿಗೆ ಕೆಡವಲಾಯಿತು. ಗಾಲೆಯಲ್ಲಿ ಅಂತಹ ಒತ್ತಡ ಬರಲಿಲ್ಲ. ಹೊಸ ಕಟ್ಟಡಗಳಿಗೆ ಹಣ ಹೂಡುವವರು ಇಲ್ಲದ್ದರಿಂದ ಹಳೆಯ ಮನೆಗಳು ಹಾಗೆಯೇ ಉಳಿದವು. ಹೊಸ ಪೇಟೆ, ರೈಲು ನಿಲ್ದಾಣ, ಬಸ್ ನಿಲ್ದಾಣಗಳು ಗೋಡೆಯ ಹೊರಗೆ ಬೆಳೆದವು.

2004ರ ಸುನಾಮಿ

2004ರ ಡಿಸೆಂಬರ್ 26ರಂದು ಹಿಂದೂ ಮಹಾಸಾಗರದ ಸುನಾಮಿ ಗಾಲೆಗೆ ಅಪ್ಪಳಿಸಿತು. ಗೋಡೆಯ ಹೊರಗಿನ ಪೇಟೆ, ಬಸ್ ನಿಲ್ದಾಣ ಮತ್ತು ಕ್ರಿಕೆಟ್ ಮೈದಾನ ಜಲಾವೃತವಾಗಿ ಅಪಾರ ಜೀವಹಾನಿ ಸಂಭವಿಸಿತು. ಕೋಟೆಯೊಳಗೆ ಹಾನಿ ಅತ್ಯಲ್ಪವಾಗಿತ್ತು. ಫಿರಂಗಿ ಗುಂಡಿನ ಹೊಡೆತವನ್ನು ತಡೆಯಲು ಕಟ್ಟಿದ ದಪ್ಪ ಗೋಡೆಗಳೂ ಅವುಗಳ ಬುಡದ ಬಂಡೆಗಳೂ ಅಲೆಗಳ ಹೊಡೆತವನ್ನು ತಡೆದವು. ಬಂದರಿನಲ್ಲಿದ್ದ ಸಾಗರ ಪುರಾತತ್ತ್ವ ಘಟಕ ನಾಶವಾಗಿ, ಮುಳುಗಿದ ಹಡಗುಗಳಿಂದ ಎತ್ತಿ ತಂದಿದ್ದ ಅನೇಕ ವಸ್ತುಗಳು ಮತ್ತೆ ಸಮುದ್ರದ ಪಾಲಾದವು.

ಕ್ರಿಕೆಟ್ ಮೈದಾನವನ್ನು ಪುನರ್ನಿರ್ಮಿಸಿ, 2007ರ ಡಿಸೆಂಬರ್‌ನಲ್ಲಿ ಶ್ರೀಲಂಕಾ ಮತ್ತು ಇಂಗ್ಲೆಂಡ್ ನಡುವಿನ ಟೆಸ್ಟ್ ಪಂದ್ಯದೊಂದಿಗೆ ಮತ್ತೆ ತೆರೆಯಲಾಯಿತು. ಮುತ್ತಯ್ಯ ಮುರಳೀಧರನ್ 2010ರ ಜುಲೈನಲ್ಲಿ ಭಾರತದ ವಿರುದ್ಧ ತಮ್ಮ 800ನೆಯ ಟೆಸ್ಟ್ ವಿಕೆಟ್ ಪಡೆದುದು ಇದೇ ಮೈದಾನದಲ್ಲಿ. ಪಂದ್ಯದ ದಿನಗಳಲ್ಲಿ ಉತ್ತರದ ಗೋಡೆಯ ಮೇಲೆ ಪ್ರೇಕ್ಷಕರು ಸೇರುವುದು ಇಲ್ಲಿನ ವಾಡಿಕೆ.

ಇಂದಿನ ಕೋಟೆ

ಸಿಂಹಳೀಯರು, ಮೂರ್ ಎಂದು ಕರೆಯಲಾಗುವ ಮುಸ್ಲಿಮರು ಮತ್ತು ಯುರೋಪಿಯನ್ ಮೂಲದ ಬರ್ಗರ್ ಸಮುದಾಯದವರು ಕೋಟೆಯ ನಿವಾಸಿಗಳಾಗಿ ಬೆಳೆದು ಬಂದವರು. ಮರದ ಕಡ್ಡಿಗಳಿಗೆ ನೂಲು ಸುತ್ತಿ ಹೆಣೆಯುವ ‘ಬೀರಾಲು’ ಎಂಬ ಲೇಸ್ ಕಸುಬು, ರತ್ನದ ವ್ಯಾಪಾರ ಮತ್ತು ಪ್ರವಾಸೋದ್ಯಮ ಇಲ್ಲಿನ ಜೀವನಾಧಾರಗಳು. ನ್ಯಾಯಾಲಯಗಳೂ ಸರ್ಕಾರಿ ಕಚೇರಿಗಳೂ ಗೋಡೆಯೊಳಗೆ ಕಾರ್ಯನಿರ್ವಹಿಸಿವೆ. ಸಂರಕ್ಷಿತ ಪ್ರದೇಶವಾದುದರಿಂದ ಕಟ್ಟಡಗಳ ಮಾರ್ಪಾಡಿಗೆ ಪುರಾತತ್ತ್ವ ಇಲಾಖೆಯ ಅನುಮತಿ ಅಗತ್ಯ.

ಗೋಡೆಯ ಮೇಲೆ ಸಾಗುವ ಕಾಲುದಾರಿಯಲ್ಲಿ ಕೋಟೆಯನ್ನು ಬಹುಮಟ್ಟಿಗೆ ಸುತ್ತಬಹುದು. ಗೋಡೆಯ ಮೇಲೆ ನೆರಳಿಲ್ಲದ ಕಾರಣ ಬೆಳಗಿನ ಅಥವಾ ಇಳಿಹೊತ್ತಿನ ವೇಳೆ ಸೂಕ್ತ. ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಅವಧಿಯಲ್ಲಿ ಈ ತೀರದಲ್ಲಿ ಮಳೆ ಕಡಿಮೆ. ಕೊಲಂಬೊದಿಂದ ರೈಲಿನಲ್ಲಿ ಬಂದರೆ ದಾರಿಯ ಬಹುಭಾಗ ಕಡಲ ತೀರದಲ್ಲೇ ಸಾಗುತ್ತದೆ.

ವಸಾಹತು ಕಾಲದ ಅನೇಕ ಕೋಟೆಗಳು ಖಾಲಿ ಗೋಡೆಗಳಾಗಿ ಉಳಿದಿರುವಾಗ ಗಾಲೆ ನಗರವಾಗಿಯೇ ಉಳಿದಿದೆ. ಪ್ರವಾಸೋದ್ಯಮ ಬೆಳೆದಂತೆ ಮನೆಗಳು ಹೋಟೆಲು ಮತ್ತು ಅಂಗಡಿಗಳಾಗುತ್ತಿದ್ದು, ನಿವಾಸಿಗಳು ಹೊರಗೆ ಹೋಗುತ್ತಿದ್ದಾರೆ. ಗೋಡೆಗಳನ್ನು ಕಾಪಾಡಲು ಕಾನೂನು ಸಾಕು. ಅವುಗಳ ಒಳಗೆ ಜನವಸತಿಯನ್ನು ಉಳಿಸಿಕೊಳ್ಳುವುದೇ ಈಗ ಗಾಲೆಯ ಮುಂದಿರುವ ಹೆಚ್ಚು ಕಠಿಣವಾದ ಕೆಲಸ.